ಒಂದು ಲಾರಿಯ ಬೆಲೆಯ ಗಡಿಯಾರ

ಕಲ್ಮನೆ, ಮೇಲಿನ ಸಾಲು, ಬಾದಾಮಿ ಬಂಡೆ.
ಮುಸುಕು ಕಳೆದ ಮೇಲಿನ ಮೊದಲ ಹುಣ್ಣಿಮೆ. ನಿಮ್ಮ ಎಣಿಕೆಯಲ್ಲಿ ಇಸವಿ ೨೧೮೭.

ಹುಬ್ಬಳ್ಳಿಯ ಶ್ರೀ ಪ್ರಭುಲಿಂಗ ತಡಕೋಡ ಅವರಿಗೆ ಗಂಗಾಂಬಿಕೆಯ ಶರಣು. ನನ್ನ ಅಜ್ಜಿಯ ಅಜ್ಜಿಗೆ ನೀವು ಅಜ್ಜ.

ಈ ಕಾಗದ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುವ ದಾರಿ ಯಾವುದೂ ನನಗೆ ಗೊತ್ತಿಲ್ಲ. ಮುಟ್ಟಿದರೂ ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಬೇಡುತ್ತೇನೆ. ನಿಮ್ಮ ಕಾಲದ ಎಷ್ಟೋ ಶಬ್ದಗಳು ಕೆಲಸವಿಲ್ಲದೆ ಸತ್ತುಹೋಗಿವೆ. ನಮಗೆ ಬೇಕಾದವನ್ನು ನಾವೇ ಮಾಡಿಕೊಂಡಿದ್ದೇವೆ. ಬರೆಯಬೇಕಾಗಿರುವುದು ನೀವು ಕೊಂಡ ಕೈಗಡಿಯಾರದ ವಿಷಯ. ಕಾಗದ ಸಕಾಲಕ್ಕೆ ಬಂದರೆ, ನೀವಿನ್ನೂ ಕೊಳ್ಳದ ಕೈಗಡಿಯಾರದ ವಿಷಯ.

ನೀವು ಅದನ್ನು ಕೊಂಡ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನಿಮ್ಮ ಹತ್ತಿರ ಲಾರಿಗಳಿದ್ದವು. ಒಂದು ಹೊಸ ಲಾರಿ ತರಲೆಂದು ಕೂಡಿಟ್ಟಿದ್ದನ್ನು ನೀವು ಒಂದು ಗಡಿಯಾರಕ್ಕೆ ಸುರಿದಿರಿ. ಅದನ್ನು ಊಟದ ಮೇಜಿನ ಮೇಲೆ ಇಟ್ಟಾಗ ನಿಮ್ಮ ಹೆಂಡತಿ ಸುಲೋಚನಾ ಅವರು ಮುಟ್ಟಲಿಲ್ಲವಂತೆ.

"ಹೊತ್ತ ನೋಡಾಕ ಗ್ವಾಡಿ ಮ್ಯಾಲ ಗಡಿಯಾರ ಐತಿ, ಕೈಯಾಗ ಫೋನ್ ಐತಿ. ಮತ್ತ ಇದ್ಯಾಕ?" ಎಂದು ಕೇಳಿದರಂತೆ.

"ಇದು ನನ್ನ ಸಲುವಾಗಿ ಅಲ್ಲ ಸುಲೂ. ಫೋನ್ ಎರಡ ವರ್ಷಕ್ಕ ಹಾಳಾಗತೈತಿ. ಇದು ಮೊಮ್ಮಕ್ಕಳ ಮೊಮ್ಮಕ್ಕಳ ಕೈಯಾಗೂ ನಡೀತಿರತೈತಿ" ಎಂದಿರಂತೆ ನೀವು.

"ಇನ್ನೂ ಹುಟ್ಟಲಾರದ ಮಂದಿ ಹೆಸರ ಹೇಳಿ ತಗೋತೀರಿ. ನನಗ ಬೇಕನಿಸ್ತು ಅಂತ ಅನ್ನಬಾರದೇನು?"

ಅದಕ್ಕೆ ನೀವು ಕೊಟ್ಟ ಉತ್ತರ ನಮ್ಮವರೆಗೆ ಬಂದಿಲ್ಲ. ಆ ಹುಟ್ಟಲಾರದ ಮಂದಿಯಲ್ಲಿ ನಾನೂ ಒಬ್ಬಳು. ಹಾಗಾಗಿ ನಿಮ್ಮ ಗಡಿಯಾರ ನಮ್ಮಲ್ಲಿ ಏನು ಮಾಡಿತು ಎಂದು ತಿಳಿಸುವುದು ನನ್ನ ಪಾಲಿಗೆ ಬಂದಿದೆ.

ಮೊದಲು ನಾವಿರುವ ರೀತಿ ಹೇಳುತ್ತೇನೆ. ಬಾದಾಮಿಯ ಕೆಂಪು ಬಂಡೆಯ ಹೊಟ್ಟೆಯಲ್ಲಿ ಕೊರೆದ ಕೋಣೆಗಳೇ ನಮ್ಮ ಕಲ್ಮನೆಗಳು. ಬಯಲಲ್ಲಿ ಮನೆ ಕಟ್ಟಿ ಬಾಳುವ ದಿನಗಳು ನನ್ನ ಅಜ್ಜಿ ಹುಟ್ಟುವ ಮುಂಚೆಯೇ ಮುಗಿದಿದ್ದವು. ಬೆಳಕು ಹರಿಯುವ ಮೊದಲು ನಾವು ಕೆಳಗಿಳಿಯುತ್ತೇವೆ, ಬಿಸಿಲು ಬಲಿಯುವ ಮೊದಲು ಮರಳುತ್ತೇವೆ. ಆಮೇಲಿನದು ಬೆಂಕಿಹೊತ್ತು. ಬೆಂಕಿಹೊತ್ತಿನಲ್ಲಿ ಹೊರಗಿದ್ದವರ ಬೆವರು ಮೊದಲು ನಿಲ್ಲುತ್ತದೆ, ನಂತರ ಮಾತು ತೊದಲುತ್ತದೆ, ಆಮೇಲೆ ಅವರು ಕೂರುತ್ತಾರೆ. ಕೂತವರು ಏಳುವುದಿಲ್ಲ. ಕಲ್ಮನೆಯೊಳಗೆ ಹೊತ್ತು ತಿಳಿಯಲು ಮುಳುಗುಬಟ್ಟಲು ಇದೆ. ತಳಕ್ಕೆ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಾರೆ. ಅದು ತುಂಬಿ ಮುಳುಗಿದಾಗೊಮ್ಮೆ ಬಾಗಿಲ ಬಳಿ ಕುಳಿತವರು ಕಂಚಿನ ತಟ್ಟೆ ಬಾರಿಸುತ್ತಾರೆ. ಆ ಸದ್ದು ಬಯಲಿಗೆ ಕೇಳಿಸುವುದಿಲ್ಲ. ಬಯಲಿನಲ್ಲಿ ಇರುವವರು ಸೂರ್ಯನನ್ನೇ ನೋಡಬೇಕು.

ವರ್ಷದಲ್ಲಿ ಎರಡು ತಿಂಗಳು ಸೂರ್ಯನೂ ಕಾಣುವುದಿಲ್ಲ. ಧೂಳು ಏರಿ ಆಕಾಶವೆಲ್ಲ ಅರಿಸಿನ ಬಣ್ಣಕ್ಕೆ ತಿರುಗುತ್ತದೆ, ಬೆಳಗೂ ಮಧ್ಯಾಹ್ನವೂ ಒಂದೇ ಥರ ಇರುತ್ತವೆ. ಇದಕ್ಕೆ ಮುಸುಕು ಎನ್ನುತ್ತೇವೆ. ಮುಸುಕಿನಲ್ಲಿ ಬಂಡೆಯ ಬೇರೆ ಯಾವ ಗುಂಪೂ ಕೆಳಗಿಳಿಯುತ್ತಿರಲಿಲ್ಲ. ನಮ್ಮದು ಇಳಿಯುತ್ತಿತ್ತು. ನಮ್ಮಲ್ಲಿ ನಿಮ್ಮ ಗಡಿಯಾರವಿತ್ತು.

ನಿಮಗೆ ಅನ್ಯಾಯ ಮಾಡಲಾರೆ. ನನ್ನ ಅಜ್ಜಿಯ ಕೈಯಲ್ಲೂ ಅವ್ವನ ಕೈಯಲ್ಲೂ ಅದು ಸರಿಯಾಗಿ ನಡೆಯಿತು. ಅವ್ವ ಎಷ್ಟು ಮುಸುಕುಗಳಲ್ಲಿ ಎಷ್ಟು ಮಂದಿಯನ್ನು ಕರೆದೊಯ್ದು ಕರೆತಂದಳೋ, ಒಬ್ಬರನ್ನೂ ಕಳೆದುಕೊಳ್ಳಲಿಲ್ಲ. ಪಟ್ಟದಕಲ್ಲಿನ ದಾರಿಯಾಚೆ ನಿಮ್ಮ ಕಾಲದವರು ನೆಟ್ಟುಹೋದ ಬಿಸಿಲುಹಲಗೆಗಳ ದೊಡ್ಡ ಹೊಲವಿದೆ. ಮೇಲೆ ಗಾಜು, ಒಳಗೆ ತಂತಿ. ಅವನ್ನು ಬಿಚ್ಚಿ ತಂದರೆ ನೀರೆತ್ತುವ ಯಂತ್ರ ನಡೆಯುತ್ತದೆ, ಉಳಿದದ್ದಕ್ಕೆ ಕಾಳು ಸಿಗುತ್ತದೆ. ಮುಸುಕಿನಲ್ಲೂ ಕೆಲಸ ನಿಲ್ಲಿಸದ ನಮ್ಮ ಗುಂಪು ಉಳಿದವರಿಗಿಂತ ಚೆನ್ನಾಗಿ ಉಂಡಿತು. ಗಡಿಯಾರ ಕಟ್ಟಿದವರಿಗೆ ಹೊತ್ತುಗಾರ ಎಂಬ ಹೆಸರು ಬಂತು, ಕೂಟದಲ್ಲಿ ಮುಂದಿನ ಸಾಲಿನ ಜಾಗ ಬಂತು. ಅವ್ವ ಹೋದ ಮೇಲೆ ಅದು ನನ್ನ ಅಣ್ಣ ಸಂಗನಬಸವನ ಕೈಗೆ ಏರಿತು.

ಅಣ್ಣ ಒಳ್ಳೆಯ ಮನುಷ್ಯ. ಭಾರದ ಹಲಗೆಯನ್ನು ಬೇರೆಯವರ ಬೆನ್ನಿಗೆ ಬಿಡುತ್ತಿರಲಿಲ್ಲ. ಅವನಿಗಿದ್ದ ಒಂದೇ ಒಂದು ಹೆಮ್ಮೆ ಆ ಗಡಿಯಾರ. ನೀರು ಕುಡಿಯಲು ಸಾಲದ ದಿನಗಳಲ್ಲೂ ಅದರ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ. ನೋಡಲು ಬಂದವರಿಗೆಲ್ಲ ಲಾರಿಯ ಕಥೆ ಹೇಳುತ್ತಿದ್ದ. ಲಾರಿ ಎಂದರೆ ನಮಗೆ ದಾರಿಬದಿ ತುಕ್ಕು ಹಿಡಿದು ಬಿದ್ದ ಚೌಕಟ್ಟು ಮಾತ್ರ. ಆದರೂ ಅಷ್ಟು ದೊಡ್ಡದನ್ನು ಇಷ್ಟು ಚಿಕ್ಕದಕ್ಕೆ ಕೊಟ್ಟರು ಎಂಬ ಮಾತು ಕೇಳಿ ಜನ ಗಡಿಯಾರಕ್ಕೆ ಕೈಮುಗಿಯುವುದೊಂದು ಬಾಕಿ ಇರುತ್ತಿತ್ತು.

ಅದು ಕೆಟ್ಟದ್ದನ್ನು ಮೊದಲು ಕಂಡವಳು ಅವನ ಹೆಂಡತಿ ರುದ್ರವ್ವ. ಬಾಗಿಲ ಬಳಿ ಬಟ್ಟಲು ಕಾಯುವ ಕೆಲಸ ಅವಳದು. ಮಲಗುವಾಗ ಅಣ್ಣ ಬಿಚ್ಚಿಟ್ಟ ಗಡಿಯಾರ ಕಲ್ಲುಗೂಡಿನಲ್ಲಿ ಸುಮ್ಮನೆ ನಿಂತಿರುತ್ತಿತ್ತು, ಎತ್ತಿದರೆ ಮತ್ತೆ ನಡೆಯುತ್ತಿತ್ತು, ಬೆಳಗ್ಗೆ ಅಣ್ಣ ಅದನ್ನು ಬಟ್ಟಲಿಗೆ ಹೊಂದಿಸಿಕೊಳ್ಳುತ್ತಿದ್ದ. ಒಂದು ದಿನ ರೊಟ್ಟಿ ಬಡಿಯುತ್ತ ಅವಳು ಆ ಮಾತು ತೆಗೆದಳು.

"ಗಡಿಯಾರ ನಡನಡುವ ನಿಂದ್ರಾಕ ಹತ್ತೈತಿ. ಬಟ್ಟಲ ಜೋಡಿ ಹೊಂದವಲ್ದು."

"ಗೂಡಿನಾಗ ಇಟ್ರ ನಿಂದ್ರತೈತಿ. ಕೈ ಆಡಿದ್ರ ಅದಕ್ಕ ಜೀವ. ಅದರ ಗುಣಾನ ಹಂಗ" ಎಂದ ಅಣ್ಣ.

"ನಿನ್ನೆ ನೀ ಬಂದಾಗ ಕೈಯಾಗನ ಇತ್ತು. ಆಗೂ ಹಿಂದ ಬಿದ್ದಿತ್ತು."

"ನಿನ್ನ ಬಟ್ಟಲದ ತೂತು ಸವದು ದೊಡ್ಡದಾಗಿರಬೇಕು, ಲಗೂನ ಮುಳಗತೈತಿ. ಲಾರಿ ಕೊಟ್ಟು ತಂದದ್ದು ಸುಳ್ಳ ಹೇಳಂಗಿಲ್ಲ, ರುದ್ರಾ."

ಅವಳು ಬಟ್ಟಲನ್ನು ಎತ್ತಿ ಮತ್ತೆ ನೋಡಿದಳು. ತೂತು ಮೊದಲಿನಷ್ಟೇ ಇತ್ತು. ಮತ್ತೊಮ್ಮೆ ಹೇಳಿದಾಗ ಅಣ್ಣ ಊಟ ಬಿಟ್ಟು ಎದ್ದ. ಆಮೇಲೆ ಅವಳು ಹೇಳಲಿಲ್ಲ.

ಈ ವರ್ಷದ ಮುಸುಕು ಬೇಗ ಬಂತು. ಆ ದಿನ ಬಿಸಿಲುಹಲಗೆಯ ಹೊಲಕ್ಕೆ ಇಳಿದವರಲ್ಲಿ ನಾನಿದ್ದೆ, ವಯಸ್ಸಾದ ದೇವಕ್ಕ ಇದ್ದಳು, ಅಣ್ಣನ ಮಗಳು ಇರಾವತಿ ಇದ್ದಳು. ಇರಾವತಿಗೆ ಹದಿನೇಳು. ತಂತಿಯನ್ನು ಎಲ್ಲಿ ಕತ್ತರಿಸಿದರೆ ಉದ್ದ ಸಿಗುತ್ತದೆ ಎಂದು ಅವಳಷ್ಟು ಚೆನ್ನಾಗಿ ತಿಳಿದವರು ಕಡಿಮೆ. ಹಲಗೆಗಳ ಸಾಲೊಂದು ಸುಲಭವಾಗಿ ಬಿಚ್ಚಿಕೊಳ್ಳತೊಡಗಿದ್ದರಿಂದ ಎಲ್ಲರೂ ಉತ್ಸಾಹದಲ್ಲಿದ್ದೆವು. ಅಣ್ಣ ಒಂದು ಕಂಬಕ್ಕೆ ಒರಗಿ, ಎಡಗೈಯಲ್ಲಿ ತಂತಿ ಹಿಡಿದು, ಬಲಗೈಯಿಂದ ಸುಲಿಯುತ್ತಿದ್ದ. ಗಡಿಯಾರ ಕಟ್ಟಿದ ಎಡಗೈ ಬಹಳ ಹೊತ್ತು ಅಲುಗಲಿಲ್ಲ. ಅದು ನನಗೆ ಈಗ ಹೊಳೆಯುತ್ತದೆ. ಆಗ ಯಾರಿಗೂ ಹೊಳೆಯಲಿಲ್ಲ.

ದೇವಕ್ಕ ಕೆರ ಬಿಟ್ಟು ಬರಿಗಾಲನ್ನು ಒಂದು ಬಂಡೆಯ ಮೇಲಿಟ್ಟಳು.

"ಕಲ್ಲು ಕಾಯಾಕ ಹತ್ಯಾವು. ಹೊಂಡೂಣು" ಎಂದಳು.

ಅಣ್ಣ ಕೈ ಎತ್ತಿ ಗಡಿಯಾರ ನೋಡಿ, ಅವಳಿಗೂ ತೋರಿಸಿದ. "ಇನ್ನೂ ಭಾಳ ಹೊತ್ತೈತಿ, ದೇವಕ್ಕ. ಈ ಸಾಲು ಮುಗಿಸೂಣು. ನಾಳಿಗೆ ಧೂಳು ಹೆಚ್ಚಾದ್ರ ಬರಾಕ ಆಗಂಗಿಲ್ಲ."

"ನಿನ್ನ ಗಡಿಯಾರಕ್ಕ ಕಾಲಿಲ್ಲ, ತಮ್ಮಾ. ನನಗ ಕಾಲು ಸುಡಾಕತ್ತಾವು."

ಅವಳು ಹೊರಟಳು. ಅವಳ ಹಿಂದೆ ಕೆಲವರು ಹೊರಟೆವು. ನಾನು ಇರಾವತಿಯ ತೋಳು ಹಿಡಿದು ಬಾ ಎಂದೆ. ಅವಳು ಅಪ್ಪನ ಕಡೆ ನೋಡಿ, "ನೀ ನಡಿ ಅತ್ತಿ. ಅಪ್ಪನ ಜೋಡಿ ಬರ್ತೀನಿ. ಅವ ಒಬ್ಬಾವ ಎಲ್ಲಾ ಹೊತ್ತು ತರಾಕ ನೋಡ್ತಾನ" ಎಂದಳು. ಅಣ್ಣನೂ ಇನ್ನು ಐವರೂ ಅವಳೂ ಉಳಿದರು.

ನಾವು ಬಂಡೆಯ ಬುಡ ಮುಟ್ಟುವ ಮೊದಲೇ ಗಾಳಿ ತಿರುಗಿ ಧೂಳು ತೆಳುವಾಯಿತು. ತಲೆಯ ಮೇಲೆ, ನೆಟ್ಟಗೆ, ಸೂರ್ಯನಿದ್ದ. ದೇವಕ್ಕ ಒಮ್ಮೆ ಮೇಲೆ ನೋಡಿದವಳು ನನ್ನ ಮುಖ ನೋಡಲಿಲ್ಲ. ಮೆಟ್ಟಿಲ ತುದಿಯಲ್ಲಿ ರುದ್ರವ್ವ ತಟ್ಟೆಯನ್ನು ಒಂದೇ ಸಮನೆ ಬಾರಿಸುತ್ತಿದ್ದಳು. ಅಷ್ಟು ದೂರಕ್ಕೆ ಕೇಳಿಸದು ಎಂದು ಅವಳಿಗೆ ಗೊತ್ತಿತ್ತು.

ಬೆಂಕಿಹೊತ್ತಿನ ನಡುವೆ ಅಣ್ಣ ಮೆಟ್ಟಿಲಿನ ಕೆಳಗೆ ಬಂದು ಬಿದ್ದ. ಅವನ ಹಿಂದೆ ಇಬ್ಬರು ಬಂದರು. ಉಳಿದವರು ದಾರಿಯಲ್ಲಿದ್ದರು. ಪಟ್ಟದಕಲ್ಲಿನ ದಾರಿ ಹೊಳೆಯ ಕಡೆಗೆ ಹೊರಳುವ ತಿರುವಿನಲ್ಲಿ ಇರಾವತಿ ಕೂತಳಂತೆ. ಅಣ್ಣ ಅವಳನ್ನು ಎತ್ತಿಕೊಂಡು ನಡೆದ, ಬಿದ್ದ, ಮತ್ತೆ ಎತ್ತಿಕೊಂಡ. ಕೊನೆಗೆ ತನ್ನ ತಲೆವಸ್ತ್ರ ಅವಳ ಮೇಲೆ ಹೊದಿಸಿ, ಜನರನ್ನು ಕರೆತರುತ್ತೇನೆ ಎಂದು ಹೇಳಿ ಬಂದ. ಆ ಬಿಸಿಲಿನಲ್ಲಿ ಅವಳನ್ನು ತರಲು ಯಾರೂ ಹೋಗುವಂತಿರಲಿಲ್ಲ. ಹೊರಗೆ ಓಡಲು ನೋಡಿದ ರುದ್ರವ್ವನನ್ನು ನಾವು ಮೂವರು ಹಿಡಿದುಕೊಂಡೆವು. ಬಿಸಿಲು ಇಳಿದ ಮೇಲೆ ಹೋಗಿ ನಾಲ್ವರನ್ನೂ ತಂದೆವು.

ಕೂಟ ಸೇರಿದಾಗ ರುದ್ರವ್ವನೇ ಎದ್ದು ಗಂಡನ ಎದುರು ಕುಳಿತಳು.

"ಇರಾವತಿ ಹೊಂಡೂಣು ಅಂದಳೇನು?"

"ಎರಡ ಸಲ ಅಂದಳು" ಎಂದ ಅಣ್ಣ.

"ನೀ ಏನಂದಿ?"

"ಗಡಿಯಾರ ತೋರಿಸಿದೆ."

ಅವಳು ಅವನ ಕೈಯಿಂದ ಅದನ್ನು ತಾನೇ ಬಿಚ್ಚಿದಳು. ಅವನು ಕೈ ಚಾಚಿ ಕೊಟ್ಟ. ಮುಸುಕಿನಲ್ಲಿ ಇನ್ನು ಯಾರೂ ಇಳಿಯಬಾರದೆಂದು ಕೂಟ ಗೊತ್ತುಮಾಡಿತು, ಹೊತ್ತುಗಾರ ಎಂಬ ಹೆಸರನ್ನೂ ತೆಗೆಯಿತು. ನಮ್ಮ ಊಟ ಅರ್ಧಕ್ಕೆ ಇಳಿಯಿತು. ಯಾರೂ ಗೊಣಗಲಿಲ್ಲ.

ಗಡಿಯಾರವನ್ನು ಮಾರಿ ಬಾ ಎಂದು ರುದ್ರವ್ವ ನನಗೆ ಕೊಟ್ಟಳು. ವರ್ಷಕ್ಕೊಮ್ಮೆ ಬಂಡೆಯ ಬುಡಕ್ಕೆ ಉಪ್ಪಿನಸಾಲು ಬರುತ್ತದೆ. ಕರಾವಳಿಯ ಉಪ್ಪನ್ನು ಕತ್ತೆಗಳ ಮೇಲೆ ಹೇರಿಕೊಂಡು ಬರುವ ವ್ಯಾಪಾರಿಗಳ ಗುಂಪು ಅದು. ಅವರಲ್ಲಿ ಮೌಲಾಬಿ ಎಂಬಾಕೆ ಹಳೆಯ ಕಾಲದ ವಸ್ತುಗಳನ್ನು ಕೊಳ್ಳುತ್ತಾಳೆ. ಆಕೆ ಗಡಿಯಾರವನ್ನು ಕಿವಿಗೆ ಹಿಡಿದಳು, ಅಲುಗಿಸಿದಳು, ಮತ್ತೆ ಹಿಡಿದಳು.

"ಒಳಗ ಎಣ್ಣಿ ಒಣಗಿ ಮೇಣ ಆಗೈತಿ. ಆಗಾಗ ಬಿಚ್ಚಿ ತೊಳಿಬೇಕಿತ್ತು ಇದನ್ನ. ನಿಮಗ ಹಿರ್‍ಯಾರು ಹೇಳಿರಲಿಲ್ಲೇನ?"

"ಲಾರಿ ಕಥಿ ಹೇಳಿದ್ರು" ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಶಕ್ತಿ ನನಗಿರಲಿಲ್ಲ. ಅಂಗಡಿಯವರು ಎಣ್ಣೆಯ ಮಾತನ್ನು ನಿಮಗೆ ಹೇಳಿಯೇ ಇರುತ್ತಾರೆ. ಆದರೆ ಬೆಲೆಯ ಕಥೆ ಹೇಳಲು ಸೊಗಸು, ಎಣ್ಣೆಯ ಮಾತಿನಲ್ಲಿ ಸೊಗಸಿಲ್ಲ. ಮೊದಲಿನದು ನಮ್ಮವರೆಗೆ ಬಂತು, ಎರಡನೆಯದು ದಾರಿಯಲ್ಲೆಲ್ಲೋ ಉದುರಿತು.

"ಇದು ನಡಿಯಂಗಿಲ್ಲ. ಯಾರಿಗೆ ಕೊಡ್ತಿ?" ಎಂದು ಕೇಳಿದೆ.

"ನಡೀಬೇಕು ಅಂತ ಯಾರಿಗೈತಿ? ಗುಡ್ಡದ ಮ್ಯಾಲಿನ ತಂಪುಪಟ್ಟಣದಾಗ ಇಂಥಾವು ಕೈಗೆ ಕಟಗೊಂಡು ಮದವಿಗೆ ಹೋಗ್ತಾರ. ಅಲ್ಲೆ ಹೊತ್ತು ತಪ್ಪಿದ್ರ ಯಾರೂ ಸಾಯಂಗಿಲ್ಲ."

ಅದಕ್ಕೆ ಬದಲಾಗಿ ಆಕೆ ನೆರಳುಬಟ್ಟೆಯ ಎರಡು ಸುರುಳಿ ಕೊಟ್ಟಳು. ಬಿಸಿಲನ್ನು ಹಿಂದಕ್ಕೆ ತಳ್ಳುವ ಬಿಳಿಯ ದಪ್ಪ ಬಟ್ಟೆ ಅದು. ಮೆಟ್ಟಿಲ ಬುಡದಿಂದ ಬಯಲಿನ ಅಂಚಿನವರೆಗೆ ಕಂಬ ನೆಟ್ಟು ಕಟ್ಟಿದೆವು. ಅಣ್ಣ ಈಗ ಕೆಳಗಿಳಿಯುವುದಿಲ್ಲ. ಬಾಗಿಲಲ್ಲಿ ರುದ್ರವ್ವನ ಪಕ್ಕ ಕುಳಿತು ಬಟ್ಟಲು ನೋಡುತ್ತಾನೆ. ಬಟ್ಟಲು ಮುಳುಗಿದಾಗ ಅವಳು ತಟ್ಟೆ ಬಾರಿಸುತ್ತಾಳೆ, ಅವನು ಬಟ್ಟಲನ್ನು ಮೇಲೆತ್ತಿ ಮತ್ತೆ ತೇಲಿಬಿಡುತ್ತಾನೆ. ಅವರಿಬ್ಬರೂ ಮಗಳ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಆ ಗಡಿಯಾರ ಅಷ್ಟು ಬೆಲೆ ಬಾಳುತ್ತಿತ್ತೇ ಎಂದು ನೀವು ಕೇಳಬಹುದು. ಅವ್ವ ಉಳಿಸಿ ತಂದ ಜನರನ್ನು ನೆನೆದರೆ ಇಲ್ಲ ಎನ್ನಲು ನಾಲಗೆ ಏಳುವುದಿಲ್ಲ. ಇರಾವತಿಯ ಪಕ್ಕದಲ್ಲಿ ಕುಳಿತು ಅವಳ ಸುಟ್ಟ ಕೈಗಳನ್ನು ತೊಳೆದ ನಾನು ಹೌದು ಎನ್ನಲಾರೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಅದೊಂದು ಯಂತ್ರ. ನಾವು ಅದನ್ನು ನಂಬಿದ್ದು ಅದು ಸರಿಯಾಗಿ ನಡೆಯುತ್ತಿದೆಯೆಂದಲ್ಲ, ದುಬಾರಿಯದೆಂದು.

ಆದ್ದರಿಂದ ಮನಸ್ಸಾದರೆ ಕೊಳ್ಳಿ. ಅಂದವಾದ ವಸ್ತುವಿಗೆ ಆಸೆಪಡುವುದು ತಪ್ಪೆಂದು ನಾನು ಹೇಳಲಾರೆ, ನಾವೂ ಆಸೆಪಡುತ್ತೇವೆ. ನಿಮ್ಮ ಕೈಗೇ ಕೊಳ್ಳಿ, ನಿಮ್ಮ ಬಾಯಿಂದಲೇ ಬೇಕೆನ್ನಿ. ನಮ್ಮ ಹೆಸರು ಹೇಳಬೇಡಿ. ನಾವು ಅದನ್ನು ಕೇಳಿರಲಿಲ್ಲ.

ನಮ್ಮ ಸಲುವಾಗಿ ಏನಾದರೂ ಮಾಡಲೇಬೇಕೆಂದು ನಿಮಗನಿಸಿದರೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಲಾರಿಗಳು ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವಾಗ, ದಾರಿ ಹೊಳೆಯ ಕಡೆಗೆ ಹೊರಳುವ ತಿರುವಿನಲ್ಲಿ ಒಂದು ಹುಣಸೆ ಗಿಡ ಹಚ್ಚಿಸಿ, ಎರಡು ಬೇಸಿಗೆ ನೀರು ಹಾಕಿಸಿ. ಇಷ್ಟು ವರ್ಷ ಅದು ಬದುಕುತ್ತದೋ ಇಲ್ಲವೋ ಹೇಳಲಾರೆ. ಇರಾವತಿ ಕೂತ ಜಾಗದಲ್ಲಿ ನೆರಳಿರಲಿಲ್ಲ.

ನಿಮ್ಮ ಬಳಗದ
ಗಂಗಾಂಬಿಕೆ