ನಾದಿನಿ ಮಾಡಿದ ಸೆಲ್‌ಗಳು

ಜೂನ್ 3, ಬೆಳಿಗ್ಗೆ

ಮತ್ತೆ ಗ್ಲೋವ್‌ಬಾಕ್ಸ್. ಮುಚ್ಚಿದ ಗಾಜಿನ ಪೆಟ್ಟಿಗೆ, ರಬ್ಬರ್ ಗವಸಿನೊಳಗೆ ಮೊಣಕೈವರೆಗೆ ಕೈ. ಮೂಗು ಕಡಿದರೂ ಸುಮ್ಮನಿರಬೇಕು. ನಾದಿನಿಯ ಬ್ಯಾಟರಿ ಸೆಲ್‌ಗಳನ್ನು ನಾನೂ ಒಮ್ಮೆ ಮಾಡಿ ನೋಡಬೇಕಂತೆ — ಲ್ಯಾಬಿನ ಮುಖ್ಯಸ್ಥ ಸರ್ ಅಪ್ಪಣೆ. ಲಿಥಿಯಂ ಹಾಳೆಗೆ ಅವಳು ಬಳಿದ ಲೇಪ ನಿಜಕ್ಕೂ ಸೊಗಸು. ಎಷ್ಟು ಸಲ ಚಾರ್ಜ್ ಮಾಡಿದರೂ ಮೇಲೆ ಲೋಹದ ಮುಳ್ಳು ಏಳುವುದಿಲ್ಲ, ಶಾರ್ಟ್ ಆಗುವುದಿಲ್ಲ. ಸಂಶೋಧನಾ ಪೇಪರ್ ಕಳಿಸುವ ಮುಂಚೆ ಅದೇ ಫಲಿತಾಂಶ ಬೇರೆ ಕೈಯಲ್ಲೂ ಬರಬೇಕು, ಅಷ್ಟೆ. ಬೇಗ ಮುಗಿಸಿ ಅತ್ತಿಗೆ ಎಂದು ಮನೆಯಲ್ಲೂ ಬೆನ್ನು ಬಿಡುವುದಿಲ್ಲ.

ಜೂನ್ 21

ನನ್ನವು ಸತ್ತವು. ಎಲ್ಲವೂ. ಬಿಚ್ಚಿದರೆ ಒಳಗೆ ಕಪ್ಪು ಪಾಚಿ ಹಿಡಿದಂತೆ. ಅವಳವು ಪರೀಕ್ಷೆಯ ಮೆಷಿನ್ನಿನಲ್ಲಿ ಓಡುತ್ತಲೇ ಇವೆ. ಏನಾದರೂ ಮುಚ್ಚಿಟ್ಟಿದ್ದಾಳೆಯೇ… ಈ ಅನುಮಾನವನ್ನು ಸರ್‌ಗೆ ಹೇಳಿಬಿಟ್ಟೆ. ಸಂಜೆ ಪಕ್ಕದಲ್ಲೇ ಕೂತು ಊಟ ಮಾಡಿದಳು. ಪ್ರಶ್ನೆ ನಾಲಿಗೆ ತುದಿಗೆ ಬಂತು. ಅವಳ ತಟ್ಟೆಗೆ ಸಾರು ಬಡಿಸಿದೆ.

ಜೂನ್ 22

ಫಲಿತಾಂಶ ನಿಜವೇ ಎಂದು ಸರ್ ಎಲ್ಲರೆದುರು ಅವಳನ್ನು ಕೇಳಿದರು. ಅವಳು ನೋಡಿದ್ದು ಅವರನ್ನಲ್ಲ, ನನ್ನನ್ನು. ಮನೆಗೆ ಬಂದ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ನಿನ್ನೆ ಪಕ್ಕದಲ್ಲೇ ಕೂತಿದ್ರಲ್ಲ ಅತ್ತಿಗೆ. ನನ್ನನ್ನೇ ಒಂದ್ ಮಾತು ಕೇಳ್ಬಾರ್ದಿತ್ತಾ?"

ಲ್ಯಾಬಿನ ವಿಷಯ ಲ್ಯಾಬಿನಲ್ಲೇ ಎಂದೆ. ನಾನೇ ಅಂದದ್ದು, ಆ ಮಾತು.

ಜುಲೈ 9

ಲ್ಯಾಬು, ಮನೆ ಎರಡೂ ಬಿಟ್ಟು ಹೊರಟುಹೋದಳು. ಬೇರೆ ಊರಿನ ಪೇಂಟ್ ಫ್ಯಾಕ್ಟರಿಯಲ್ಲಿ ಕೆಲಸವಂತೆ. ಇವರು ತಂಗಿಯ ಪೆಟ್ಟಿಗೆ ಹೊತ್ತು ಬಸ್ಸಿಗೆ ಹಾಕಿ ಬಂದರು. ನನ್ನೊಡನೆ ಮಾತಿಲ್ಲ.

ಅವಳ ಸೆಲ್‌ಗಳನ್ನು ಮೆಷಿನ್ನಿನಿಂದ ಕಿತ್ತೆ. ಬೇರೆಯವರಿಗೆ ಜಾಗ ಬೇಕಿತ್ತು. ಇನ್ನೂ ಚೆನ್ನಾಗಿ ಓಡುತ್ತಿದ್ದವು.

ಸೆಪ್ಟೆಂಬರ್ 14

ಸರ್ವೀಸಿಗೆ ಮೆಕ್ಯಾನಿಕ್ ಬಂದಿದ್ದ. ನನ್ನ ಗ್ಲೋವ್‌ಬಾಕ್ಸಿನ ಎಡಗವಸಿನ ಬುಡದಲ್ಲಿ ತೂತು. ತೇವ ಅಳೆಯುವ ಮೀಟರೂ ಕೆಟ್ಟು ಒಂದೇ ಅಂಕಿಯಲ್ಲಿ ಕೂತಿದೆ. ಅದರ ಹಳೇ ದಾಖಲೆ ತೆಗೆದು ನೋಡಿದ.

"ಮೇ ತಿಂಗಳಿಂದ ಸುಳ್ಳು ಹೇಳ್ತಿದೆ ಮೇಡಂ."

ತೇವ ಸೋಕಿದರೆ ಲಿಥಿಯಂ ಕತೆ ಮುಗಿಯಿತು. ಅವಳು ಮಾಡಿದ್ದು ಪಕ್ಕದ ಪೆಟ್ಟಿಗೆಯಲ್ಲಿ. ಅವಳದೇ ಸರಿ. ಕೆಟ್ಟದ್ದು ನನ್ನದು.

ಸೆಪ್ಟೆಂಬರ್ 15

ಸರ್‌ಗೆ ಹೇಳಿದೆ. ಅವಳನ್ನು ವಾಪಸ್ ಕರೆಸಿ ಎಂದು ಕಂಪ್ಯೂಟರ್ ಕಡೆ ತಿರುಗಿದರು. ಮನೆಯಲ್ಲಿ ಇವರು ಇಸ್ತ್ರಿ ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಂಗ್ಯಾಕೆ ಹೇಳ್ತೀಯ? ಅವಳಿಗೆ ಹೇಳು."

ಸೆಪ್ಟೆಂಬರ್ 20, ವಾಪಸ್ ಬಸ್ಸಿನಲ್ಲಿ

ಫ್ಯಾಕ್ಟರಿ ಗೇಟಿಗೆ ಬಂದಳು. ಕೋಟಿನ ತೋಳಿಗೆ ಹಳದಿ ಬಣ್ಣ ಮೆತ್ತಿತ್ತು. ಎಲ್ಲ ಹೇಳಿದೆ. ತಪ್ಪಾಯ್ತು ಎಂದೆ. ಯಾವ ಗವಸು ಎಂದು ವಿಚಾರಿಸಿದಳು, ಡಾಕ್ಟರು ವಿಚಾರಿಸುವ ಹಾಗೆ. ತನ್ನ ಸೆಲ್‌ಗಳು ಇನ್ನೂ ಓಡುತ್ತಿವೆಯೇ ಎಂದಳು. ನಾನೇ ಕಿತ್ತೆ ಎಂದೆ. ತೋಳಿನ ಹಳದಿಯನ್ನು ಉಗುರಿನಿಂದ ಕೆರೆದಳು. ಮನೆಗೆ ಬಾ, ಕೆಲಸಕ್ಕೂ ಬಾ ಎಂದೆ.

"ನನ್ನ ಸೆಲ್ ಸರಿ ಇದೆ ಅಂತ ನಂಗೆ ಆವತ್ತೇ ಗೊತ್ತಿತ್ತು ಅತ್ತಿಗೆ. ನೀವು ಎಂಥವ್ರು ಅಂತ್ಲೇ ಗೊತ್ತಿರ್ಲಿಲ್ಲ."

ಟೀ ಕುಡಿಸಿ ಬಸ್ಸು ಹತ್ತಿಸಿದಳು. ಬೈದುಬಿಡಬಾರದಿತ್ತೇ.

ಅಕ್ಟೋಬರ್ 18

ರಿಪೇರಿಯಾದ ಪೆಟ್ಟಿಗೆಯಲ್ಲಿ ಮತ್ತೆ ಮಾಡಿದ ಸೆಲ್‌ಗಳು ಓಡುತ್ತಿವೆ. ಒಂದನ್ನು ಬಿಚ್ಚಿದೆ — ಲಿಥಿಯಂ ಬೆಳ್ಳಗೆ ಹೊಳೆಯಿತು. ಒಂದು ಮುಳ್ಳಿಲ್ಲ. ಲ್ಯಾಬಿನವರು ಚಪ್ಪಾಳೆ ತಟ್ಟಿದರು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಪೇಪರಿನಲ್ಲಿ ಅವಳ ಹೆಸರೇ ಮೊದಲು. ಒಪ್ಪಿಗೆ ಕೇಳಿದ್ದಕ್ಕೆ 'ಸರಿ' ಎಂದಷ್ಟೇ ಉತ್ತರ ಬಂತು.

ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ನೀನೇ ಹೋಗಿ ಕರೆದ್ಯಲ್ಲ, ಯಾವಾಗ ಬರ್ತಾಳಂತೆ?"

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವಳು ಬರುವುದಿಲ್ಲ, ಹೋದದ್ದು ನನ್ನಿಂದಲೇ ಎಂದು ಅತ್ತೆಗೆ ಹೇಳಿದೆ.