ಹನ್ನೊಂದು ನಿಮಿಷದ ಮೌನ

ಕಾಬ್ ಕ್ರೀಕ್, ಟೆನೆಸ್ಸಿ

ವರ್ಡೆಲ್ಲಾ ಅಮ್ಮನವರಿಗೆ,

ದೇವರ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತೇನೆ: ಮೂವತ್ತೊಂದು ವರ್ಷಗಳ ಹಿಂದೆ ನೀವು ಪಾಸ್ಟರಿಗೆಂದು ರೇಡಿಯೋ ಕೇಂದ್ರದಲ್ಲಿ ಇಟ್ಟಿದ್ದ ಪೀಚ್ ಹಣ್ಣಿನ ಪೈ ಕದ್ದವನು ನಾನೇ. ಪಾಪ, ಬೈಗುಳ ತಿಂದದ್ದು ಬೆಕ್ಕು.

ನೀವು ಕಳಿಸಿದ ಕೇಂದ್ರದ ಇತಿಹಾಸ ಓದಿದೆ. ನಿಮ್ಮ ಯಜಮಾನರು ಅದನ್ನು ಕೋಳಿಗೂಡಿನಲ್ಲಿ ಆರಂಭಿಸಿದ್ದು, ಮೊದಲ ಪ್ರವಚನಕ್ಕೆ ಹುಂಜವೇ 'ಆಮೆನ್' ಹೇಳಿದ್ದು ಎಲ್ಲವೂ ಸರಿಯಾಗಿದೆ. ಒಂಬತ್ತನೇ ಪುಟದಲ್ಲಿ ನಾನಿದ್ದೇನೆ. ಕೇಳುಗರ ಪ್ರಾರ್ಥನೆಯ ಕೋರಿಕೆಗಳನ್ನು ಓದುತ್ತಿದ್ದವನು ಹನ್ನೊಂದು ನಿಮಿಷ ಮೌನವಾದೆನಂತೆ, ಊರೇ ಪ್ರಾರ್ಥನೆಗೆ ಮೊಣಕಾಲೂರಿತಂತೆ. "ಎಲ್ಡನ್, ನೀನು ಬಾಯಿ ಮುಚ್ಚಿದಾಗ್ಲೇ ಕಣಯ್ಯಾ ದೇವರ ಮಾತು ಕೇಳ್ಸಿದ್ದು!" ಎಂದು ಪಾಸ್ಟರ್ ಬೆನ್ನು ತಟ್ಟಿದ್ದರು. ಮಾತಿನ ಕೇಂದ್ರಕ್ಕೆ ಮೌನ ಕಲಿಸಿದವನು ನಾನೆಂದು ಇಂದಿಗೂ ಜಂಬ ಕೊಚ್ಚಿಕೊಳ್ಳುತ್ತೇನೆ.

ಆದರೆ ಹತ್ತನೇ ಪುಟದಲ್ಲಿ ನೀವಿದ್ದೀರಿ. ಅದೇ ಮೌನದಲ್ಲಿ ನೀವು, ಆರು ವರ್ಷ ಮಾತು ಬಿಟ್ಟಿದ್ದ ತಂಗಿಗೆ ಫೋನ್ ಮಾಡಿ, "ಒಲೀಟಾ, ಸಾಕು ಕಣೇ, ಮನೆಗೆ ಬಾ" ಎಂದಿರಿ. ಅವರು ತಮ್ಮ ಕೊನೆಯ ನಾಲ್ಕು ವರ್ಷ ನಿಮ್ಮೊಂದಿಗೇ ಕಳೆದರು.

ಅಚ್ಚಿಗೆ ಹೋಗುವ ಮುನ್ನ ದಯವಿಟ್ಟು ನನ್ನ ಹೆಸರು ತೆಗೆಯಿರಿ. ಮೌನ ಇರಲಿ, ಒಲೀಟಾ ಇರಲಿ. ನಾನಂತೂ ಮೈಕಿನ ಮುಂದೆ ಇರಲೇ ಇಲ್ಲ. ಒಂದು ಹಾಡು ಹಾಕಿ, ಪೈ ತಿನ್ನಲು ಹಿತ್ತಲಿಗೆ ಹೋದೆ. ಬಾಗಿಲು ತಾನೇ ಲಾಕ್ ಆಯಿತು. ಕಕ್ಕಸಿನ ಕಿಟಕಿಯಲ್ಲಿ ತೂರಲು ಹೋಗಿ, ಹೊಟ್ಟೆ ತುಂಬ ನಿಮ್ಮ ಪೈ ಇದ್ದುದರಿಂದ ನಡುವೆಯೇ ಸಿಕ್ಕಿಕೊಂಡೆ; ಅಷ್ಟರಲ್ಲಿ ಒಳಗೆ ಹಾಡು ಮುಗಿದುಹೋಗಿತ್ತು. ಊರೇ ಮೊಣಕಾಲೂರಿದ್ದಾಗ ನಾನೊಬ್ಬನೇ ಕಾಲೂರಲು ನೆಲವಿಲ್ಲದೆ ನೇತಾಡುತ್ತಿದ್ದೆ.

ನಿಮ್ಮ ವಿಧೇಯ,
ಎಲ್ಡನ್ ಪ್ರೂಯಿಟ್