ಬೆಲೆಯಿಲ್ಲದ ಲೀವರ್ ಮತ್ತು ಅದನ್ನು ಕಳಚಿದರೆ ಆಗುವ ನಷ್ಟ

ವಿಮಾ ಸಂಸ್ಥೆಯ ಪರಿಹಾರ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಿಮ್ಮ ಕಚೇರಿಯ ಪ್ರಕಾರ ನನ್ನ ಅಕ್ಕ ಕಳೆದ ಹದಿನಾರು ವರ್ಷಗಳಲ್ಲಿ ಒಂದು ದಿನವೂ ಕಾರು ಓಡಿಸಿಲ್ಲ. ಇದನ್ನು ನೀವು ಕಳೆದ ವಾರ ಸಹಿ, ಮೊಹರು ಸಮೇತ ತಿಳಿಸಿದ್ದೀರಿ. ಪತ್ರವನ್ನು ನಾನು ಅವಳಿಗೆ ಓದಿ ಹೇಳಿದೆ. ಅವಳು ಕನ್ನಡಕ ಒರೆಸಿಕೊಳ್ಳುತ್ತಾ, "ಹಾಗಾದ್ರೆ ಇಷ್ಟು ವರ್ಷ ಸಿಗ್ನಲ್ಲಲ್ಲಿ ಎಲ್ಲರ ಹತ್ರ ಬೈಸ್ಕೊಂಡಿದ್ದು ಯಾರೋ?" ಎಂದಳು. ಉತ್ತರ ನಿಮ್ಮಲ್ಲಿ ಇರಬಹುದೆಂದು ಬಹಿರಂಗವಾಗಿ ಕೇಳುತ್ತಿದ್ದೇನೆ. ಖಾಸಗಿಯಾಗಿ ಬರೆದ ಒಂಬತ್ತು ದೂರಿನ ಪತ್ರಗಳಿಗೆ ನಿಮ್ಮಿಂದ ಬಂದದ್ದು 'ನಿಮ್ಮ ಪತ್ರ ತಲುಪಿದೆ' ಎನ್ನುವ ಒಂಬತ್ತು ಪತ್ರಗಳು ಮಾತ್ರ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕ ತಕ್ಕಡಿ ರಿಪೇರಿ ಮಾಡುತ್ತಾಳೆ. ಅಂಗಡಿಯಿಂದ ಅಂಗಡಿಗೆ ಹೋಗಿ ತೂಕದ ಯಂತ್ರಗಳನ್ನು ಬಿಚ್ಚಿ, ಒರೆಸಿ, ಸರಿಹೊಂದಿಸಿ ಬರುವುದು ಅವಳ ಕಸುಬು. ಎರಡು ವರ್ಷದವಳಿದ್ದಾಗ ಬಂದ ಜ್ವರದಿಂದಾಗಿ ಅವಳ ಮೊಣಕಾಲಿನ ಕೆಳಗೆ ಶಕ್ತಿಯಿಲ್ಲ. ಊರುಗೋಲು ಹಿಡಿದು ನಡೆಯುತ್ತಾಳೆ, ಕೈಯಿಂದ ಕಾರು ಓಡಿಸುತ್ತಾಳೆ. ಸ್ಟಿಯರಿಂಗ್ ಕೆಳಗೆ ಒಂದು ಲೀವರ್ ಇದೆ: ಮುಂದಕ್ಕೆ ತಳ್ಳಿದರೆ ಬ್ರೇಕ್, ತನ್ನತ್ತ ಎಳೆದರೆ ವೇಗ. ಕ್ಲಚ್ಚಿಗೆ ಗೇರಿನ ಪಕ್ಕದಲ್ಲೇ ಇನ್ನೊಂದು ಚಿಕ್ಕ ಹಿಡಿ. ಇದು ಗುಟ್ಟಿನ ವಿಷಯವಲ್ಲ. ಅವಳ ಲೈಸೆನ್ಸಿನಲ್ಲಿದೆ, ಕಾರಿನ ನೋಂದಣಿಯಲ್ಲಿದೆ, ನೀವೇ ಕೊಟ್ಟ ಪಾಲಿಸಿಯ ಮೂರನೇ ಪುಟದಲ್ಲೂ ಇದೆ. ನಾನು ಕಾರು ಓಡಿಸುವುದನ್ನು ಕಲಿತವನಲ್ಲ. ಪಕ್ಕದ ಸೀಟಿನಲ್ಲಿ ಕುಳಿತು ಪುಸ್ತಕ ಓದುವವನು.

ಹನ್ನೊಂದು ವಾರದ ಹಿಂದೆ, ಮೊಳೆ ಮತ್ತು ತಂತಿ ಮಾರುವ ಅಂಗಡಿಯೊಂದರಲ್ಲಿ ಅಕ್ಕ ತಕ್ಕಡಿ ಬಿಚ್ಚಿಕೊಂಡು ಕುಳಿತಿದ್ದಾಗ, ಹೊರಗೆ ನಿಲ್ಲಿಸಿದ್ದ ಕಾರಿನ ಮೇಲೆ ಲಾರಿಯೊಂದು ಹಿಮ್ಮುಖವಾಗಿ ಬಂತು. ಕಾರಿನ ಡಿಕ್ಕಿ ಹಿಂದಿನ ಸೀಟಿನವರೆಗೂ ಮಡಚಿಕೊಂಡಿತು. ಒಳಗೆ ಯಾರೂ ಇರಲಿಲ್ಲ. ದುರಸ್ತಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚು, ಆದ್ದರಿಂದ ಇದು 'ಟೋಟಲ್ ಲಾಸ್' ಎಂದು ನೀವು ತೀರ್ಮಾನಿಸಿದಿರಿ. ಒಪ್ಪಿದೆವು. ಹಳೆಯ ಕಾರು, ಅದರ ಮೇಲೆ ನಮಗೆ ಭ್ರಮೆಯೇನೂ ಇರಲಿಲ್ಲ.

ನಂತರ ಅರ್ಜಿ ತುಂಬಬೇಕಾಯಿತು. ಅಪಘಾತದ ವೇಳೆ ನಿಮ್ಮ ವಾಹನದ ವೇಗ ಎಷ್ಟು ಎಂಬ ಪ್ರಶ್ನೆಗೆ ನಾನು ಸೊನ್ನೆ ಎಂದು ಬರೆದಿದ್ದೆ. ಕೌಂಟರಿನ ಗುಮಾಸ್ತರು ಅದನ್ನು ಕಂಪ್ಯೂಟರಿಗೆ ಮೂರು ಸಲ ಹಾಕಿ ನೋಡಿದರು.

"ಸೊನ್ನೆ ತಗೊಳ್ತಾ ಇಲ್ಲ ಸಾರ್ ಇದು. ಒಂದು ಹಾಕ್ಲಾ?"

"ಕಾರು ನಿಂತಿತ್ತಲ್ಲ?"

"ನಿಂತಿತ್ತು ಸಾರ್, ಯಾರು ಇಲ್ಲ ಅಂದ್ರು? ಒಂದೇ ಒಂದು ಕಿಲೋಮೀಟರ್. ಅದ್ರಿಂದ ಏನಾಗುತ್ತೆ?"

ಏನಾಗುತ್ತದೆಂದು ಇಪ್ಪತ್ತು ದಿನಗಳ ನಂತರ ತಿಳಿಯಿತು. 'ಚಾಲಕರಿಲ್ಲದ ವಾಹನ ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದ್ದುದಕ್ಕೆ ವಿವರಣೆ ನೀಡಿ' ಎಂದು ನೀವು ಕೇಳಿದಿರಿ. ಮಾನ್ಯರೇ, ನಾನು ಏನೆಂದು ವಿವರಿಸಲಿ? ಅಕ್ಕ ಒಳಗೆ ಹೆಚ್ಚು ಹೊತ್ತು ತೆಗೆದುಕೊಂಡಳೆಂದು ಅದಕ್ಕೆ ಬೇಸರವಾಗಿ, ಒಬ್ಬಂಟಿಯಾಗಿ ಮನೆಯ ಕಡೆ ಹೊರಟಿತ್ತೆನ್ನಲೇ?

ಆಮೇಲೆ ಬಂದವರು ನಷ್ಟದ ಅಂದಾಜು ಮಾಡುವ ನಿಮ್ಮ ಸರ್ವೇಯರ್. ಸಭ್ಯರು. ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಟಾರ್ಚ್ ಹಿಡಿದು ಸೀಟಿನ ಕೆಳಗೆ ತಲೆ ತೂರಿಸಿದರು.

"ಒಂದು ಲಕ್ಷದ ಎಂಬತ್ತೆರಡು ಸಾವಿರ ಓಡಿದೆ. ಪೆಡಲ್ ರಬ್ಬರ್ ನೋಡಿದ್ರೆ ನಿನ್ನೆ ಶೋರೂಮಿಂದ ತಂದ ಹಾಗಿದೆಯಲ್ಲ ಸಾರ್?"

"ನಮ್ಮಕ್ಕ ಕೈಯಲ್ಲೇ ಓಡಿಸೋದು."

"ಕೈಯಲ್ಲಿ ಎಲ್ರೂ ಓಡಿಸ್ತಾರೆ ಸಾರ್. ನಾನು ಕೇಳ್ತಿರೋದು ಕಾಲಿನ ವಿಚಾರ."

ಲೀವರ್ ತೋರಿಸಿದೆ. ಅವರು ಅದಕ್ಕೆ ತಮ್ಮ ಟೋಪಿ ನೇತುಹಾಕಿ ಫೋಟೋ ತೆಗೆಯಲು ಶುರುಮಾಡಿದರು. ಅವರ ವರದಿ ಹೇಳುವುದಿಷ್ಟು: ಪೆಡಲ್‌ಗಳು ಸವೆದಿಲ್ಲ, ಆದ್ದರಿಂದ ಕಾರು ಓಡಿಲ್ಲ, ಕಾರು ಓಡಿಲ್ಲ, ಆದರೆ ಮೀಟರ್ ಓಡಿದೆ, ಆದ್ದರಿಂದ ಮಾಲೀಕರು ಮೀಟರನ್ನು ಮುಂದಕ್ಕೆ ತಿರುಗಿಸಿದ್ದಾರೆ. ಹಳೆಯ ಕಾರು ಮಾರುವವರು ಮೀಟರನ್ನು ಹಿಂದಕ್ಕೆ ತಿರುಗಿಸುವುದು ಕೇಳಿದ್ದೇನೆ. ತನ್ನ ಕಾರಿಗೆ ಬೆಲೆ ಕಡಿಮೆಯಾಗಲೆಂದು ಹಟ ಹಿಡಿದು ಮುಂದಕ್ಕೆ ತಿರುಗಿಸುವ ಮೋಸಗಾರ ಪ್ರಪಂಚದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅವನನ್ನು ಹಿಡಿದು ಸನ್ಮಾನ ಮಾಡುವುದು ವಿಮಾ ಸಂಸ್ಥೆಯವರ ಕರ್ತವ್ಯವಲ್ಲವೇ?

ಇದಕ್ಕೆ ಸ್ಪಷ್ಟನೆ ಪಡೆಯಲು ನಿಮ್ಮ ಕಚೇರಿಯ ಹುಡುಗಿಯೊಬ್ಬಳು ಅಕ್ಕನಿಗೆ ಫೋನ್ ಮಾಡಿದಳು. ನಾನು ಎದುರಿಗೇ ಇದ್ದೆ.

"ಮೇಡಂ, ನಿಮ್ಮ ಕಾಲಿಗೆ ಈ ಅಪಘಾತದಲ್ಲೇ ಏಟಾಗಿದ್ದಾ?"

"ಇಲ್ಲಮ್ಮ. ಎರಡು ವರ್ಷದವಳಿದ್ದಾಗ."

"ಓ. ಹಾಗಾದ್ರೆ ಅದು ಈ ಪಾಲಿಸೀಲಿ ಬರಲ್ಲ ಮೇಡಂ."

"ನಾನು ಕಾಲಿಗೆ ಕೇಳ್ತಿಲ್ಲ ಕಣಮ್ಮ, ಕಾರಿಗೆ ಕೇಳ್ತಿದೀನಿ."

"ಕಾರಿಗೆ ಎರಡು ವರ್ಷದಲ್ಲಿ ಏನಾಗಿತ್ತು ಮೇಡಂ?"

ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಗುತ್ತಿದ್ದಾಳೆಂದುಕೊಂಡೆ.

ಇಷ್ಟೆಲ್ಲ ಹೇಳಿದರೂ, ಪರಿಹಾರದ ಹಣ ಬೇಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹಣದ ವಿಷಯದಲ್ಲಿ ನೀವು ನಿಧಾನವಾಗಿಯೇ ಯೋಚಿಸಿ. ನಮಗೆ ಬೇಕಾಗಿರುವುದು ಆ ಲೀವರ್.

ಅದನ್ನು ಮಾಡಿಕೊಟ್ಟವರು ಒಬ್ಬ ಲೇತ್ ಮೇಸ್ತ್ರಿ. ಅಕ್ಕನ ಎಡ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಲೀವರ್‌ಗಳಿಗೆ ಈ ಸಂಗತಿ ಗೊತ್ತಿಲ್ಲ. ಮೇಸ್ತ್ರಿ ಮೂರು ತಿಂಗಳು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಡಿಕೆಯನ್ನು ಮೊದಲು ಮರದಲ್ಲಿ ಏಳು ಸಲ ಕೆತ್ತಿ, ಎಂಟನೆಯದನ್ನು ಉಕ್ಕಿನಲ್ಲಿ ಮಾಡಿದರು. ಈಗ ಅವರಿಗೆ ಕಣ್ಣು ಕಾಣುವುದಿಲ್ಲ, ಲೇತ್ ಮಾರಿ ಆಗಿದೆ. ನಮ್ಮ ಮೆಕ್ಯಾನಿಕ್ ತನ್ನ ಬಳಿಯಿದ್ದ ಅದೇ ಮಾದರಿಯ ಹಳೆಯ ಕಾರೊಂದನ್ನು, "ದುಡ್ಡು ಬಂದಾಗ ಕೊಡಿ ಅಕ್ಕಾ" ಎಂದು ತಂದು ಮನೆಯ ಮುಂದೆ ನಿಲ್ಲಿಸಿದ್ದಾನೆ. ನಾಲ್ಕು ಬೋಲ್ಟ್ ಬಿಚ್ಚಿ ಅಲ್ಲಿಂದ ತೆಗೆದು, ನಾಲ್ಕು ಬೋಲ್ಟ್ ಬಿಗಿದು ಇಲ್ಲಿ ಕೂರಿಸಿದರೆ ಅರ್ಧ ಗಂಟೆಯ ಕೆಲಸ. ಅದು ಬಂದಾಗಿನಿಂದ ಅಕ್ಕ ದಿನಾ ಬೆಳಿಗ್ಗೆ ಆ ಕಾರಿನಲ್ಲಿ ಹೋಗಿ ಕೂರುತ್ತಾಳೆ, ಕನ್ನಡಿ ಸರಿಮಾಡುತ್ತಾಳೆ, ಎದ್ದು ಬರುತ್ತಾಳೆ. ಊರುಗೋಲು, ಇಪ್ಪತ್ತು ಕಿಲೋ ತೂಕದ ಕಲ್ಲುಗಳು, ಹತ್ತು ಅಂಗಡಿ. ಇಷ್ಟನ್ನು ಕೇಳಿದ ಮೇಲೆ ಬಾಡಿಗೆ ಕಾರಿನವರು ಎರಡನೆಯ ದಿನ ಫೋನ್ ಎತ್ತುವುದಿಲ್ಲ. ಅವಳ ನಲವತ್ತು ಅಂಗಡಿಗಳಲ್ಲಿ ಹದಿಮೂರು ಈಗಾಗಲೇ ಬೇರೆಯವರ ಕೈಗೆ ಹೋಗಿವೆ.

ನುಜ್ಜಾದ ಕಾರನ್ನು ಹರಾಜಿಗೆಂದು ನಿಮಗೆ ಒಪ್ಪಿಸುವಾಗಲೇ ಅಕ್ಕ ಸಹಿಯ ಮೇಲೆ 'ಲೀವರ್ ಹೊರತುಪಡಿಸಿ' ಎಂದು ಬರೆದಿದ್ದಳು. ಈ ಮಾದರಿಯ ಕಾರಿನಲ್ಲಿ ಅಂಥ ಬಿಡಿಭಾಗವೇ ಇರುವುದಿಲ್ಲ ಎಂದು ನೀವು ಅದನ್ನು ಹೊಡೆದುಹಾಕಿದಿರಿ. ಬೆಲೆ ಕಟ್ಟುವ ಪಟ್ಟಿಯಲ್ಲಿ ಲೀವರಿಗೆ ಸೊನ್ನೆ ಹಾಕಿದಿರಿ. ಸಂತೋಷ, ಹಾಗಾದರೆ ತೆಗೆದುಕೊಂಡು ಹೋಗುತ್ತೇವೆ ಎಂದೆವು. ಅದಕ್ಕೆ ಬಂದ ಉತ್ತರ ನನ್ನ ಮುಂದೆಯೇ ಇದೆ: 'ಹರಾಜು ಮುಗಿಯುವವರೆಗೆ ಅವಶೇಷದಿಂದ ಏನನ್ನೂ ತೆಗೆಯುವಂತಿಲ್ಲ. ತೆಗೆದರೆ ಅವಶೇಷದ ಬೆಲೆ ಕಡಿಮೆಯಾಗುತ್ತದೆ.' ಇಲ್ಲದ ವಸ್ತು, ಬೆಲೆ ಸೊನ್ನೆ, ತೆಗೆದರೆ ನಷ್ಟ. ಇದನ್ನು ಓದಿದಾಗ ಅಕ್ಕ ಹೇಳಿದ್ದು ಇಷ್ಟೇ: "ಖಾಲಿ ತಟ್ಟೆಯಿಂದ ಏನೂ ಇಲ್ಲದ್ದನ್ನ ತೆಗೆದಾಗ ಮುಳ್ಳು ಅಲ್ಲಾಡಿತು ಅಂದ್ರೆ, ಕೆಟ್ಟಿರೋದು ತಕ್ಕಡಿ ಕಣೋ. ಬಿಚ್ಚಲೇಬೇಕು."

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಗೋದಾಮಿನಲ್ಲಿ ಹರಾಜು. ಅದಕ್ಕೆ ಮೊದಲು ಮೆಕ್ಯಾನಿಕ್‌ನನ್ನು ಅರ್ಧ ಗಂಟೆ ಒಳಗೆ ಬಿಡಿ. ಅಕ್ಕ ಹದಿನಾರು ವರ್ಷ ಕಾರು ಓಡಿಸಿಲ್ಲ ಎಂದು ಬೇಕಾದರೆ ನಾವೇ ಬರೆದುಕೊಡುತ್ತೇವೆ. ಹದಿನೇಳನೆಯ ವರ್ಷ ಓಡಿಸಲು ಬಿಡಿ.

ಬಿಡುವುದಿಲ್ಲವೆಂದರೆ, ಹರಾಜಿಗೆ ಬಂದವರು ವಾಹನದಲ್ಲಿ ಕುಳಿತು ಪರೀಕ್ಷಿಸಬಹುದೆಂದು ನಿಮ್ಮದೇ ಪ್ರಕಟಣೆ ಹೇಳುತ್ತದೆ. ಅಕ್ಕ ಬರುತ್ತಾಳೆ. ಚಾಲಕರ ಸೀಟಿನಲ್ಲಿ ಕೂರುತ್ತಾಳೆ, ಎಡಗೈಯನ್ನು ಲೀವರಿನ ಮೇಲಿಟ್ಟು ಪರೀಕ್ಷಿಸುತ್ತಾಳೆ. ಪರೀಕ್ಷೆಗೆ ಇಂತಿಷ್ಟೇ ಸಮಯ ಎಂದು ಪ್ರಕಟಣೆಯಲ್ಲಿಲ್ಲ. ಅವಳನ್ನು ಎಬ್ಬಿಸಲು ಬರುವ ಸಿಬ್ಬಂದಿಗೆ ದಯವಿಟ್ಟು ಮುಂಚಿತವಾಗಿ ತಿಳಿಸಿರಿ: ಹರಾಜು ಮುಗಿಯುವವರೆಗೆ ಅವಶೇಷದಿಂದ ಏನನ್ನೂ ತೆಗೆಯುವಂತಿಲ್ಲ.

ಇಂತಿ,
ಗುರುವಾರಕ್ಕೆ ಅರ್ಧ ದಿನದ ರಜೆ ಕೇಳಿರುವ, ಅದು ಸಾಲದೆಂದು ಈಗ ಅನ್ನಿಸುತ್ತಿರುವ
ಅವಳ ತಮ್ಮ